ನನ್ನ ಬೂಟು ಪಕ್ಕಕ್ಕಿಟ್ಟಾತ

ಆತನ ಬಾಯಿ ನನಗೆ ಪರಿಚಯವಾದದ್ದು ಬೆನ್ನ ಹಿಂದಿನಿಂದ. ರಾಮನಗರದ ನಮ್ಮ ಫುಟ್‌ಬಾಲ್ ಟೀಮಿನಲ್ಲಿ ನಾನು ಸ್ಟಾಪರ್. ಗೋಲಿಗೆ ಬೆನ್ನು ಕೊಟ್ಟು ನಿಂತು, ನುಗ್ಗಿ ಬರುವವನನ್ನು ತಡೆಯುವುದು ನನ್ನ ಕೆಲಸ. ಆತ ಕೂರುತ್ತಿದ್ದದ್ದು ಆ ಗೋಲಿನ ಹಿಂದೆ, ಯಾವ ಕಾಲದಲ್ಲೋ ಯಾರೋ ಬಿಟ್ಟುಹೋದ ಕಲ್ಲಿನ ರೋಲರಿನ ಮೇಲೆ. ಹಾಫ್‌ಟೈಮ್ ಆಗಿ ನಾವು ಕಡೆ ಬದಲಾಯಿಸಿದರೆ ಆತನೂ ಕೊಡೆ ಹಿಡಿದುಕೊಂಡು ಮೈದಾನ ಸುತ್ತಿ ಆ ತುದಿಗೆ ಬರುತ್ತಿದ್ದ, ನಾವು ತಪ್ಪಿಸಿಕೊಳ್ಳಬಾರದಲ್ಲ. ನನ್ನ ಮೊದಲ ಮ್ಯಾಚಿನಲ್ಲೇ ಕೂಗಿದ: "ಲೇ ಐದ್ನೇ ನಂಬರು, ಅವ್ನು ನುಗ್ತಾವ್ನೆ, ನೀನ್ ಯಾಕ್ಲಾ ಸೈಡ್ ಕೊಡ್ತೀಯ? ಲಾರಿ ಡ್ರೈವರ್ರೇನ್ಲಾ ನೀನು?" ಇಡೀ ಮೈದಾನ ನಕ್ಕಿತು. ನನಗಾಗ ಇಪ್ಪತ್ತು ವರ್ಷ. ಮುಂದಿನ ಎಂಟು ಸೀಸನ್ ಆ ನಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಆಡಿದೆ.

ಆ ಮನುಷ್ಯ ಹೋದ ತಿಂಗಳು ತೀರಿಕೊಂಡ. ಹೆಸರು ಬರೆಯುವುದಿಲ್ಲ. ಆತನ ಕಡೆಯವರು ಊರಲ್ಲಿ ಇನ್ನೂ ಇದ್ದಾರೆ, ಬೆಳಗಾದರೆ ಅವರ ಮುಖ ನೋಡಬೇಕಾದವನು ನಾನು. ವಯಸ್ಸಿಗಾದರೂ ಮರ್ಯಾದೆ ಕೊಟ್ಟು 'ಅವರು' ಎಂದು ಬರೆಯಬೇಕಿತ್ತು. ಒಂದು ದಿನ ಬಿಟ್ಟರೆ, ಎದುರಿಗೆ 'ಅಣ್ಣಾ' ಎನ್ನದೆ ಎಂದೂ ಮಾತಾಡಿಸಿದವನಲ್ಲ. ಕಾಗದದ ಮೇಲೆ ಮಾತ್ರ ಕೈ ಬರುತ್ತಿಲ್ಲ. 'ಆತ' ಎಂದೇ ಬರೆಯುತ್ತೇನೆ.

ಆತ ರೀಲರ್. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಶೆಡ್ಡು ಇತ್ತು. ಬೆಂದ ಹುಳದ ವಾಸನೆ ಆತನ ಅಂಗಿಯಿಂದ ಎಂದೂ ಹೋಗುತ್ತಿರಲಿಲ್ಲ. ಆ ರೋಲರಿನ ಮೇಲೆ ಇನ್ನೂ ಮೂವರಿಗೆ ಜಾಗವಿದ್ದರೂ ಯಾರೂ ಕೂರುತ್ತಿರಲಿಲ್ಲ. ವಾಸನೆಗಿಂತ ಬಾಯಿಯೇ ಅದಕ್ಕೆ ಹೆಚ್ಚಿನ ಕಾರಣ ಎಂದು ನನ್ನ ಅಭಿಪ್ರಾಯ. ಬೆಳಿಗ್ಗೆ ಗೂಡು ಮಾರ್ಕೆಟ್ಟಿನಲ್ಲಿ ಲಾಟಿನಿಂದ ಲಾಟಿಗೆ ಹೋಗುತ್ತಿದ್ದ. ರೈತರು ಸುರಿದ ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಒಳಗಿನ ಹುಳ ಸತ್ತಿದೆಯೋ ಬದುಕಿದೆಯೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಮೇಲಿನ ಗೂಡು ಯಾವಾಗಲೂ ಚೆನ್ನಾಗಿಯೇ ಇರುತ್ತದಂತೆ, ತಳದ್ದನ್ನು ನೋಡಬೇಕಂತೆ. ಸಂಜೆ ಮೈದಾನಕ್ಕೆ ಬಂದು ಅದೇ ಕಣ್ಣಿನಲ್ಲಿ ನಮ್ಮನ್ನು ನೋಡುತ್ತಿದ್ದ. "ಕಾಲಲ್ ಜೀವ ಐತೆ, ತಲೆ ಒಳ್ಗೆ ಹುಳ ಸತ್ತೋಗೈತೆ" ಎಂದು ನಮ್ಮ ರೈಟ್ ವಿಂಗಿನವನ ಬಗ್ಗೆ ಒಮ್ಮೆ ಹೇಳಿದ. ಆ ಮಾತು ಆ ಪಾಪದವನಿಗೆ ನೋಡಿದ್ದ ಹೆಣ್ಣಿನ ಮನೆಯವರೆಗೂ ಹೋಯಿತು.

ಇಷ್ಟೆಲ್ಲ ಮಾತಾಡುವವನು ಜೀವಮಾನದಲ್ಲಿ ಒಂದು ಬಾಲನ್ನೂ ಒದ್ದವನಲ್ಲ. ಒಮ್ಮೆ ಬಾಲು ಆತನ ಕಾಲ ಬಳಿಗೇ ಉರುಳಿ ಬಂದಾಗ ಎಲ್ಲರೂ "ಒದಿ ಅಣ್ಣ, ಒದಿ" ಎಂದು ಕೂಗಿದರು. ಆತ ಕೊಡೆ ಕೆಳಗಿಟ್ಟು, ಬಗ್ಗಿ, ಎರಡು ಕೈಯಲ್ಲಿ ಎತ್ತಿ, ಅಂಗಿಗೆ ಒರೆಸಿ ಕೊಟ್ಟ. ನಾವು ವರ್ಷಗಟ್ಟಲೆ ಅದನ್ನು ಆಡಿ ತೋರಿಸಿ ನಗುತ್ತಿದ್ದೆವು. ಆದರೆ ಒಂದು ವಿಷಯವನ್ನು ಹೊಟ್ಟೆಯುರಿಯಿಂದಲಾದರೂ ಒಪ್ಪಬೇಕು. ಮೈದಾನದಲ್ಲಿ ಎಲ್ಲರ ಕಣ್ಣೂ ಬಾಲಿನ ಹಿಂದೆ ಓಡುವಾಗ ಆತನ ಕಣ್ಣು ಓಡುತ್ತಿರಲಿಲ್ಲ. "ಬಾಲು ಕಾಲಲ್ಲಿದ್ದಾಗ ಎಲ್ರೂ ಆಡ್ತಾರೆ ಕಣ್ಲಾ. ಬಾಲು ಹೋದ್ ಮ್ಯಾಕೆ ಅವ್ನು ಏನ್ ಮಾಡ್ತಾನೆ, ಅದ್ನ ನೋಡು" ಎನ್ನುತ್ತಿದ್ದ. ಟೀ ಅಂಗಡಿಯಲ್ಲಿ ಈ ಉಪದೇಶವನ್ನು ನೂರು ಸಲ ಕೇಳಿದ್ದೇನೆ. ಕಿವಿಗೆ ಹಾಕಿಕೊಂಡಿರಲಿಲ್ಲ.

ನಮ್ಮ ಗೋಲ್‌ಕೀಪರ್‌ಗೆ ಮಾಡಿದ್ದನ್ನು ಮಾತ್ರ ನಾನು ಮರೆಯಲಾರೆ. ಅವನು ಟೈಲರ್, ಬಸ್‌ಸ್ಟ್ಯಾಂಡ್ ಹತ್ತಿರ ಅವನ ಅಂಗಡಿ, ನನ್ನ ವಾರಿಗೆಯವನು, ನನ್ನ ಗೆಳೆಯ. ಬೈದರೂ ನಗುವ ಸ್ವಭಾವ. ಒಂದು ಮ್ಯಾಚಿನಲ್ಲಿ ನಾಲ್ಕು ಗೋಲು ಬಿಟ್ಟ. ಮುಂದಿನ ವಾರ ಆಡಲು ಬಂದರೆ ಗೋಲಿನ ಕಂಬಕ್ಕೆ ಒಂದು ಚಂದ್ರಿಕೆ ಒರಗಿಸಿತ್ತು. ಹುಳ ಗೂಡು ಕಟ್ಟಲೆಂದು ಬಿಡುತ್ತಾರಲ್ಲ, ಆ ಬಿದಿರಿನ ದೊಡ್ಡ ತಟ್ಟೆ. "ಪಕ್ಕದಲ್ ಇಟ್ಕಳಪ್ಪಾ, ಇದಾದ್ರೂ ಒಂದೆರ್ಡು ಹಿಡ್ಕತ್ತದೆ" ಎಂದು ರೋಲರಿನ ಮೇಲಿಂದ ಕೂಗಿದ. ರೆಫರಿ ಬಂದು ತೆಗೆಸಿದ. ಟೈಲರ್ ಅವತ್ತೂ ನಗುತ್ತಲೇ ಆಡಿದ. ಆಮೇಲೆ ಅಂಗಡಿಯ ಪರದೆ ಎಳೆದುಕೊಂಡು ಒಳಗೆ ಕೂತು ಅತ್ತದ್ದನ್ನು ನಾನು ನೋಡಿದೆ. ಆತನ ಕೊಡೆ ಕಿತ್ತುಕೊಂಡು ಮುರಿದು ಬಿಸಾಡುತ್ತೇನೆ ಎಂದು ಟೈಲರನ ಮುಂದೆ ಆಣೆ ಮಾಡಿದೆ. ಮುರಿಯಲಿಲ್ಲ.

ಮುರಿಯದಿರಲು ಕಾರಣವಿತ್ತು. ನಮ್ಮ ಟೀಮಿನಲ್ಲಿ ಬೂಟು ಆಟಗಾರನದ್ದಲ್ಲ. ಊರಿನ ರೀಲರುಗಳೂ ಅಂಗಡಿಯವರೂ ಸೇರಿ ಕೊಡಿಸಿದ್ದು. ಯುಗಾದಿಗೆ ಮೊದಲು ಸೀಸನ್ ಮುಗಿಯುತ್ತಿತ್ತು. ಹಬ್ಬ ಕಳೆದು, ಮಾರನೆಯ ದಿನದ ಹೊಸತೊಡಕಿನ ಬಾಡೂಟವೂ ಆದ ಮೇಲೆ ಬರುವ ಭಾನುವಾರ ಬೆಳಿಗ್ಗೆ ನಾವೆಲ್ಲ ಬೂಟು ತೊಳೆದು ತಂದು ಮೈದಾನದ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಬರಿಗಾಲಲ್ಲಿ ನಿಲ್ಲಬೇಕು. ಬೂಟು ಕೊಡಿಸಿದವರು ಮಾತಾಡುತ್ತಾರೆ, ಕ್ಯಾಪ್ಟನ್ ಬಿಟ್ಟು ನಾವ್ಯಾರೂ ಬಾಯಿ ಬಿಡುವಂತಿಲ್ಲ. ಮುಂದಿನ ಸೀಸನ್ನಿಗೆ ಬೇಕಾದವನ ಬೂಟನ್ನು ಎತ್ತಿ ಅವನ ಕೈಗೆ ಕೊಡುತ್ತಾರೆ. ಬೂಟು ಪಕ್ಕಕ್ಕಿಟ್ಟರೆ ಅವನು ಮನೆಗೆ ಹೋಗಬಹುದು. ಎತ್ತುವ ಕೆಲಸ ಪ್ರತಿ ವರ್ಷ ಆತನದೇ. ಯಾರು ಕೊಟ್ಟ ಅಧಿಕಾರವೋ ಗೊತ್ತಿಲ್ಲ, ನಾನು ಟೀಮಿಗೆ ಸೇರುವ ಹೊತ್ತಿಗೆ ಅದು ಹಾಗೇ ಇತ್ತು.

ಆ ಭಾನುವಾರ ಸೀಸನ್ನಿನಲ್ಲಿ ಸೋತ ಅಷ್ಟೂ ಮ್ಯಾಚುಗಳನ್ನು ಅಭಿಮಾನಿಗಳು ಇನ್ನೊಂದು ಸಲ ಆಡುತ್ತಿದ್ದರು. ಒಬ್ಬನಿಗೆ ರೆಫರಿಯ ಮೇಲೆ ಕೋಪ, ಇನ್ನೊಬ್ಬನಿಗೆ ಕ್ಯಾಪ್ಟನ್ ಮೇಲೆ. ಟೀಮನ್ನೇ ಮುಚ್ಚಿಬಿಡಿ ಎಂದು ಕೂಗಾಡುವವನೊಬ್ಬ ಪ್ರತಿ ವರ್ಷ ಇದ್ದೇ ಇರುತ್ತಿದ್ದ, ಟೀ ಬಂದ ಮೇಲೆ ಅವನೇ ಹೊಸ ಸೆಂಟರ್ ಫಾರ್ವರ್ಡ್ ಹುಡುಕಿಕೊಡಲು ಮುಂದಾಗುತ್ತಿದ್ದ. ಕೈಲಾಂಚದಲ್ಲಿ ಒಬ್ಬ ಇದ್ದಾನಂತೆ, ಎರಡೂ ಕಾಲಲ್ಲಿ ಒದೆಯುತ್ತಾನಂತೆ. ಮಾಗಡಿಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದಾರಂತೆ. ಅಂತೂ ಮಧ್ಯಾಹ್ನದ ಹೊತ್ತಿಗೆ ಮುಂದಿನ ವರ್ಷದ ಕಪ್ಪು ನಮ್ಮದೇ ಆಗಿರುತ್ತಿತ್ತು.

ಹಾಗೆ ಕೇಳಿಬಂದ ಹೆಸರುಗಳನ್ನು ಹಿಡಿದು ಹಳ್ಳಿ ಹಳ್ಳಿ ಸುತ್ತುತ್ತಿದ್ದವನೂ ಆತನೇ, ತನ್ನ ಮೊಪೆಡ್ಡಿನಲ್ಲಿ. ಗೂಡಿನ ಹುಚ್ಚು ಅಲ್ಲಿಯೂ ಬಿಡುತ್ತಿರಲಿಲ್ಲ. ಮಳೆಗಾಲದ ಗೂಡಿನಲ್ಲಿ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಅದಕ್ಕೆ ಮಳೆಗಾಲದಲ್ಲಿ ನೋಡಿದ ಆಟಗಾರನೂ ಬೇಡ! ಮರಳವಾಡಿಯಲ್ಲಿ ಒಬ್ಬ ಯುವಕನ ಆಟ ನೋಡಿ ಬಂದ ನಮ್ಮ ಕ್ಯಾಪ್ಟನ್, ಅವನನ್ನು ಟೀಮಿಗೆ ತರೋಣ ಎಂದು ಆತನ ಕಾಲು ಹಿಡಿಯುವುದೊಂದು ಬಾಕಿ. "ಕೆಸ್ರಲ್ ಆಡೋನ್ನ ನೋಡಿ ಏನ್ ಗೊತ್ತಾಯ್ತದೆ? ಒಣಗ್ಲಿ, ಆಮ್ಯಾಕೆ ನೋಡಾನ" ಎಂದುಬಿಟ್ಟ ಆತ. ನೆಲ ಒಣಗುವಷ್ಟರಲ್ಲಿ ಅವನನ್ನು ಕಾರ್ಖಾನೆಯವರು ಎತ್ತಿಕೊಂಡು ಹೋಗಿದ್ದರು.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಅದರಲ್ಲೊಂದು ಕಾರ್ಖಾನೆ ಫುಟ್‌ಬಾಲ್ ಟೀಮು ಕಟ್ಟಿತು. ಆಡುವವನಿಗೆ ಕೆಲಸ, ಯೂನಿಫಾರ್ಮು, ಕರೆದೊಯ್ಯಲು ಬಸ್ಸು. ನಮ್ಮವರು ಒಬ್ಬೊಬ್ಬರೇ ಆ ಬಸ್ಸು ಹತ್ತಿದರು. ಎರಡೇ ವರ್ಷದಲ್ಲಿ ನಾವು ತಳಕ್ಕೆ ಬಂದೆವು. ಆತ ರೋಲರಿನ ಮೇಲೆ ಕೂತು ಹೋದವರನ್ನು ಬಿಟ್ಟು ಉಳಿದ ನಮ್ಮನ್ನೇ ಬೈಯುತ್ತಿದ್ದ. ನಾನಾಗ ಸೋದರಮಾವನ ಸೈಕಲ್ ಶಾಪಿನಲ್ಲಿ ಪಂಚರ್ ಹಾಕುತ್ತಿದ್ದೆ. ಹೆಣ್ಣು ನೋಡಲು ಹೋದ ಎರಡು ಮನೆಯಲ್ಲೂ ಹುಡುಗನಿಗೆ ಏನು ಕೆಲಸ ಎಂದು ಕೇಳಿ, ಉಪ್ಪಿಟ್ಟು ಕೊಟ್ಟು ಕಳಿಸಿದ್ದರು.

ಎಂಟನೆಯ ಸೀಸನ್ನಿನ ಕೊನೆಯ ಮ್ಯಾಚು ಆ ಕಾರ್ಖಾನೆಯ ಟೀಮಿನ ಮೇಲೆಯೇ ಬಿತ್ತು. ಡ್ರಾ ಆದರೂ ನಾವು ಮೊದಲ ಡಿವಿಜನ್ನಿನಲ್ಲಿ ಉಳಿಯುತ್ತಿದ್ದೆವು, ಸೋತರೆ ಕೆಳಗೆ. ಮ್ಯಾಚಿಗೆ ಎರಡು ದಿನ ಮುಂಚೆ ಅವರ ಟೀಮು ನೋಡಿಕೊಳ್ಳುವ ಆಫೀಸರ್ ಸೈಕಲ್ ಶಾಪಿಗೇ ಬಂದರು. ಮುಂದಿನ ತಿಂಗಳು ನಾಲ್ಕು ಜನರನ್ನು ತಗೊಳ್ಳುತ್ತೇವೆ, ನಿಮ್ಮ ಹೆಸರೂ ಇದೆ ಎಂದರು. ಹೊರಡುವಾಗ, "ನಮ್ಮ ಸಾಹೇಬರು ಮ್ಯಾಚ್ ನೋಡೋಕೆ ಬರ್ತಿದ್ದಾರೆ. ನಮ್ಮವರು ಗೆದ್ರೆ ಅವರು ಖುಷಿಯಾಗಿರ್ತಾರೆ, ಸಹಿ ಬೇಗ ಆಗುತ್ತೆ" ಎಂದು ನಕ್ಕರು. ಅಷ್ಟೇ. ಸೋಲು ಎಂದು ಅವರು ಹೇಳಲಿಲ್ಲ, ಸೋಲುತ್ತೇನೆ ಎಂದು ನಾನೂ ಹೇಳಲಿಲ್ಲ.

ಮ್ಯಾಚು ಮುಗಿಯಲು ಇನ್ನು ಹತ್ತು ನಿಮಿಷ ಇತ್ತು, ಎರಡೂ ಕಡೆ ಗೋಲಿಲ್ಲ. ಮರಳವಾಡಿಯ ಅದೇ ಯುವಕ ಎಡಗಡೆಯಿಂದ ಬಾಲು ತಳ್ಳಿಕೊಂಡು ಬಂದ. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಸಾಕಿತ್ತು. ಅಂಥವನ್ನು ನಾನು ನೂರು ಸಲ ತಡೆದಿದ್ದೇನೆ, ಕಣ್ಣು ಮುಚ್ಚಿಕೊಂಡು ತಡೆಯಬಲ್ಲೆ. ಒಂದು ಹೆಜ್ಜೆ ಹಿಂದಿಟ್ಟೆ. ಕಾಲು ಜಾರಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಲಿಲ್ಲ. ನಾನೇ ಇಟ್ಟೆ. ಟೈಲರ್ ಒಬ್ಬನೇ ಮುಂದೆ ಓಡಿ ಬಂದು ಮೈ ಚೆಲ್ಲಿದ, ಬಾಲು ಅವನ ಕಂಕುಳ ಕೆಳಗಿಂದ ಹೋಯಿತು. ಅವನು ಮಣ್ಣಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದ. ನಾನು ತಲೆಯ ಮೇಲೆ ಕೈ ಹೊತ್ತುಕೊಂಡು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಏನ್ಲಾ ಟೈಲರ್, ಹಿಂಗ್ ಬುಟ್ಬುಟ್ಯಲ್ಲೋ!"

ತಿರುಗಿದರೆ ಗೋಲಿನ ಹಿಂದೆ ಆತ. ಸುತ್ತಲಿನವರೆಲ್ಲ ಬಲೆಯಲ್ಲಿದ್ದ ಬಾಲನ್ನು ನೋಡುತ್ತಿದ್ದರು, ಬಿದ್ದಿದ್ದ ಟೈಲರನನ್ನು ನೋಡುತ್ತಿದ್ದರು. ಆತ ನನ್ನನ್ನು ನೋಡುತ್ತಿದ್ದ. ಅವತ್ತು ಬೈಯಲಿಲ್ಲ. ಕೊಡೆ ಮಡಚಿಕೊಂಡು, ಆಟ ಮುಗಿಯುವ ಮೊದಲೇ ಎದ್ದು ಹೋದ.

ಆ ವರ್ಷದ ಯುಗಾದಿ ಹೇಗೆ ಕಳೆದೆನೋ ದೇವರಿಗೇ ಗೊತ್ತು. ಊರ ತುಂಬ ಟೈಲರನದೇ ಮಾತು. ಹೊಲಿಯಲು ಕೊಟ್ಟ ಬಟ್ಟೆಯನ್ನು ವಾಪಸು ಇಸಿದುಕೊಂಡು ಹೋದವರೂ ಇದ್ದರು. ಭಾನುವಾರ ಬೆಳಿಗ್ಗೆ ಕಟ್ಟೆಯ ಮುಂದೆ ಎಂದೂ ಸೇರದಷ್ಟು ಜನ. ಹೊಸ ಕೀಪರ್ ತನ್ನಿ, ಟೀಮನ್ನು ಬುಡದಿಂದ ಕಟ್ಟಿ ಎಂದು ಒಂದೇ ಗಲಾಟೆ. ಟೈಲರ್ ಬೂಟನ್ನು ಎಲ್ಲರಿಗಿಂತ ಹೊಳೆಯುವ ಹಾಗೆ ಒರೆಸಿ ತಂದಿದ್ದ. ಇಟ್ಟು ತಲೆ ತಗ್ಗಿಸಿ ನಿಂತ. ಆತ ಬಂದ. ಮೊದಲು ಎತ್ತಿದ್ದೇ ಟೈಲರನ ಬೂಟು. ತಂದು ಅವನ ಎದೆಗೆ ಒತ್ತಿ ಹಿಡಿದು, "ಇಟ್ಕಳಪ್ಪ. ನಿಂದಲ್ಲ ತಪ್ಪು" ಎಂದ. ಜನ ಹೋ ಎಂದರು. ಆತ ತಿರುಗಿ ನೋಡಲಿಲ್ಲ. ಆಮೇಲೆ ನನ್ನ ಬೂಟು ಎತ್ತಿಕೊಂಡ. ಪಕ್ಕಕ್ಕಿಟ್ಟ.

"ಅದು ಐದ್ನೇ ನಂಬರಿಂದು ಕಣಣ್ಣ" ಎಂದ ಕ್ಯಾಪ್ಟನ್, ಆತನಿಗೆ ಗೊತ್ತಾಗಿಲ್ಲವೇನೋ ಎಂದು.

"ಗೊತ್ತು. ಬ್ಯಾಡ."

"ಎಂಟ್ ವರ್ಷ ಆಡವ್ನೆ. ಯಾಕ್ ಬ್ಯಾಡ?"

"ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ."

ಆಗ ನಾನು ಬಾಯಿಬಿಟ್ಟೆ. ಬಾಯಿ ಬಿಡಬಾರದು ಎಂಬ ಪದ್ಧತಿಯನ್ನು ಮುರಿದ ಮೊದಲನೆಯವನು ನಾನೇ. ಮರಳವಾಡಿಯವನನ್ನು ಮಳೆ ಎಂದು ಬಿಟ್ಟವನು ನೀನು, ಆ ಗೋಲು ಹೊಡೆಸಿದವನು ನೀನು, ಬಾಲು ಒದೆಯಲು ಬಾರದವನು ನೀನು, ನನ್ನನ್ನು ತೆಗೆಯಲು ನೀನ್ಯಾರು ಎಂದು ಏಕವಚನದಲ್ಲಿ ಅರಚಿದೆ. ಹುಳ ತಿನ್ನೋ ಬಾಯಿ ಎಂದೆ. ಇನ್ನೂ ಬರೆಯಲಾಗದ್ದನ್ನು ಅಂದೆ. ಒಂದೊಂದು ಮಾತು ಆಡುವಾಗಲೂ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುತ್ತಿದ್ದೆ. ಹೇಳಲಿ, ಸುಳ್ಳು ಎಂದು ಅಲ್ಲೇ ಕೊರಳಪಟ್ಟಿ ಹಿಡಿಯುತ್ತೇನೆ ಎಂದುಕೊಂಡಿದ್ದೆ. ಆತ ಮುಂದಿನ ಬೂಟು ಎತ್ತಿಕೊಂಡ.

ಜನ ನನ್ನ ಕಡೆಯಾದರು. ಗೋಲು ಬಿಟ್ಟವನನ್ನು ಉಳಿಸಿಕೊಂಡು ಎಂಟು ವರ್ಷ ಬೆವರು ಸುರಿಸಿದವನನ್ನು ಹೊರಗೆ ಹಾಕಿದ, ಇವನಿಗೆ ತಲೆ ಕೆಟ್ಟಿದೆ ಎಂದರು. ಅರ್ಧಕ್ಕರ್ಧ ಜನ ಆತನ ಜೊತೆ ಮಾತು ಬಿಟ್ಟರು. ಬೂಟು ಎತ್ತುವ ಕೆಲಸವನ್ನೂ ಕಿತ್ತುಕೊಂಡರು. ನಾನು ಒಂದು ತಿಂಗಳಿಗೆ ಕಾರ್ಖಾನೆ ಬಸ್ಸು ಹತ್ತಿದೆ. ಹಿಂದೆ ಹೋದವರನ್ನೆಲ್ಲ ಊರು ಬೈದಿತ್ತು, ನನ್ನನ್ನು ಬೈಯಲಿಲ್ಲ. "ಹೋಗ್ದೆ ಏನ್ ಮಾಡ್ತಾನೆ, ಆವಯ್ಯ ಓಡುಸ್ಬುಟ್ಟ" ಎಂದು ಕನಿಕರಪಟ್ಟರು. ಮದುವೆಯೂ ಆಯಿತು. ಟೈಲರ್ ನನ್ನ ಮದುವೆಯ ಪ್ಯಾಂಟು ಹೊಲಿದುಕೊಟ್ಟ, ಎಷ್ಟು ಹೇಳಿದರೂ ಕೂಲಿ ತೆಗೆದುಕೊಳ್ಳಲಿಲ್ಲ. "ನನ್ ತಪ್ಪಿಗೆ ನಿನ್ ಬೂಟು ಹೋಯ್ತು ಕಣ್ಲಾ" ಎಂದ.

ಮೂರು ವರ್ಷಕ್ಕೆ ಕಾರ್ಖಾನೆಗೆ ಹೊಸ ಸಾಹೇಬರು ಬಂದು ಟೀಮು ಮುಚ್ಚಿದರು. ನಾನು ಶಿಫ್ಟಿನಲ್ಲಿ ಬೋಲ್ಟು ಬಿಗಿಯುವವನಾಗಿ ಉಳಿದೆ. ಈ ಕಡೆ ನಮ್ಮೂರ ಟೀಮು ಹಳ್ಳಿಯ ಹೊಸಬರನ್ನು ಕಟ್ಟಿಕೊಂಡು ಮತ್ತೆ ಮೇಲೆ ಬರುತ್ತಿತ್ತು. ಅಧಿಕಾರ ಹೋದರೂ ಮೊಪೆಡ್ಡಿನಲ್ಲಿ ಸುತ್ತಿ ಅವರನ್ನು ಹುಡುಕಿ ತಂದವನು ಆತನೇ, ಈ ಸಲ ಮಳೆಗಾಲದಲ್ಲೂ ಹೋಗಿ ನೋಡಿದ್ದನಂತೆ. ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಶೆಡ್ಡಿಗೆ ಹೋದೆ. ಆತ ಬಿಸಿನೀರಿನಲ್ಲಿ ತೇಲುತ್ತಿದ್ದ ಗೂಡಿನಿಂದ ಎಳೆ ಹುಡುಕುತ್ತಿದ್ದ.

"ಅಣ್ಣಾ, ಹುಡುಗ್ರಿಗೆ ಡಿಫೆನ್ಸ್ ಒಸಿ ಹೇಳ್ಕೊಡ್ತೀನಿ. ರಜಾ ದಿನ ಬತ್ತೀನಿ" ಎಂದೆ.

"ಬಾ. ಬ್ಯಾಡ ಅನ್ನಕಿಲ್ಲ." ಎಳೆ ಸಿಕ್ಕಿತು, ಎತ್ತಿ ರಾಟೆಗೆ ಕೊಟ್ಟ. "ಬರಾಕ್ ಮುಂಚೆ ಟೈಲರ್‌ಗೆ ಹೇಳ್ಬುಡು."

"ಏನ್ ಹೇಳ್ಲಿ?"

ಆತ ತಲೆ ಎತ್ತಿದ. ಆ ನೋಟದಲ್ಲಿ ಕೋಪವಿದ್ದಿದ್ದರೆ ನಾನು ಜಗಳ ಆಡುತ್ತಿದ್ದೆ. "ಅವ್ನು ಇವತ್ತೂ ಅವ್ನೇ ಬುಟ್ಟಿದ್ದು ಅಂದ್ಕಂಡವ್ನೆ ಕಣಪ್ಪ" ಎಂದ. "ಊರ್ಗೇನೂ ಹೇಳ್ಬ್ಯಾಡ. ಅವ್ನೊಬ್ಬನ್ಗೆ ಹೇಳು ಸಾಕು."

ನಾನು ತಿರುಗಿ ಬಂದೆ. ಟೈಲರನ ಅಂಗಡಿಯ ಮುಂದೆಯೇ ನನ್ನ ದಾರಿ. ಅವನು ಮೆಷಿನ್ನಿನಿಂದ ಕಾಲು ತೆಗೆಯದೆ "ಬಾರ್ಲಾ, ಟೀ ಕುಡಿಯಾನ" ಎಂದ. ಶಿಫ್ಟಿಗೆ ಹೊತ್ತಾಯಿತು ಎಂದೆ. ಆಮೇಲೆ ಮೈದಾನದ ಕಡೆ ಹೋಗಲಿಲ್ಲ. ರೋಲರಿನ ಮೇಲಿಂದ ಎಂಟು ವರ್ಷ ಬೈದದ್ದಕ್ಕೆ ಆತನ ಮೇಲೆ ನನಗಿದ್ದದ್ದು ಬರೀ ಕೋಪ. ಅವತ್ತು ಶೆಡ್ಡಿನಲ್ಲಿ ಆತ ಬೈಯದೆ ಕಳಿಸಿದ ಮೇಲೆ ಹುಟ್ಟಿದ್ದು ದ್ವೇಷ, ಅದು ಈಗಲೂ ಇದೆ. ಊರಿಗೆ ಹೇಳಿಬಿಡುವುದು ಆತನಿಗೆ ಎಷ್ಟು ಸುಲಭವಿತ್ತು. ತನ್ನ ಮರ್ಯಾದೆ ಉಳಿಯುತ್ತಿತ್ತು, ನಾನು ಅಲ್ಲಗಳೆದು ಹಗುರಾಗುತ್ತಿದ್ದೆ. ಅದನ್ನು ನನ್ನ ಕೈಗೇ ಬಿಟ್ಟು ಕೂತ.

ಆತ ತೀರಿಕೊಂಡ ಹನ್ನೆರಡನೆಯ ದಿನ ಮೈದಾನದಲ್ಲಿ ಶಾಮಿಯಾನ ಹಾಕಿ ಒಂದು ಸಭೆ ಮಾಡಿದರು. ಓಡಾಡಿ ಜನ ಸೇರಿಸಿದವನು ಟೈಲರ್. ಅವನ ತಲೆ ಪೂರ್ತಿ ಬೆಳ್ಳಗಾಗಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಅವ್ರು ನಿಂಗ್ ಮಾಡಿದ್ದು ಅನ್ಯಾಯವೇ ಕಣ್ಲಾ, ಊರ್ಗೆಲ್ಲ ಗೊತ್ತು. ಆದ್ರೂ ಸತ್ತೋರ್ ಮ್ಯಾಲೆ ಇಟ್ಕಬ್ಯಾಡ. ಎದ್ದು ಎರಡ್ ಮಾತಾಡು. ನೀನ್ ಮಾತಾಡುದ್ರೆ ಅದ್ರ ತೂಕವೇ ಬ್ಯಾರೆ."

ಎದ್ದೆ. ಮೈಕಿನ ಹತ್ತಿರ ನಡೆದು ಹೋಗುವಾಗ ಇವತ್ತು ಹೇಳಿಬಿಡುತ್ತೇನೆ ಎಂದೇ ಅಂದುಕೊಂಡಿದ್ದೆ, ಇದು ಮಾತ್ರ ಸುಳ್ಳಲ್ಲ. ಆತನ ಕಣ್ಣಿನ ಬಗ್ಗೆ, ಮೊಪೆಡ್ಡಿನ ಬಗ್ಗೆ, ಊರಿಗಾಗಿ ಟೀಮು ಕಟ್ಟಿದ್ದರ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ಮುಂದಿನ ಸಾಲಿನಲ್ಲಿ ಟೈಲರ್ ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಕೈ ಮುಗಿದು, "ಅವರು ನನಗೆ ಮಾಡಿದ್ದನ್ನು ನಾನು ಎಂದೋ ಕ್ಷಮಿಸಿಬಿಟ್ಟಿದ್ದೇನೆ" ಎಂದೆ.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಟೈಲರ್.